ಕೋವಿಗೂ ವಿಮೆಯೇ ಎಂದು ನಕ್ಕವರಿಗೆ

ಮಾನ್ಯ ಸಂಪಾದಕರೇ,

ನಮ್ಮ ಆಯುಧಪೂಜೆಯ ಹಬ್ಬ ಕೈಲ್‌ಪೋಳ್ದ್ ಮುಗಿದ ವಾರ ನಿಮ್ಮ ಓದುಗರ ಅಂಕಣದಲ್ಲಿ ಒಬ್ಬರು ನಮ್ಮ ಕಡೆಯವರನ್ನು ಚೆನ್ನಾಗಿಯೇ ಗೇಲಿ ಮಾಡಿದ್ದರು. ಕಾರಿಗೆ ವಿಮೆ ಸರಿ, ಹಾಲು ಕರೆಯುವ ಹಸುವಿಗೂ ಸರಿ, ಕೊಡಗಿನವರು ಗೋಡೆಯ ಮೇಲಿನ ಕೋವಿಗೂ ವಿಮೆ ಮಾಡಿಸುತ್ತಾರಂತೆ, ನಾಳೆ ಪೊರಕೆಗೂ ಮಾಡಿಸಿಯಾರು ಎಂದು. ಓದಿ ನನಗೆ ಸಿಟ್ಟು ಬರಲಿಲ್ಲ. ನನ್ನ ಯಜಮಾನರು ಕೋವಿಯ ವಿಮೆಯ ಅರ್ಜಿ ಹಿಡಿದು ಮನೆಗೆ ಬಂದಿದ್ದ ದಿನ ನಾನು ಆಡಿದ ಮಾತು ಇದಕ್ಕಿಂತ ಒರಟಾಗಿತ್ತು. ಆ ದುಡ್ಡಿಗೆ ಅಡುಗೆಮನೆಯ ಸೋರುವ ಹೆಂಚಾದರೂ ಬದಲಾಗುತ್ತಿತ್ತು ಎಂದಿದ್ದೆ. ಅವರು ಮಾತನಾಡದೆ ಅರ್ಜಿಯನ್ನು ನಾಲ್ಕು ಮಡಿಕೆ ಮಡಚಿ ಮೇಜಿನ ಖಾನೆಯಲ್ಲಿಟ್ಟರು. ಅದು ಅಲ್ಲಿಯೇ ಉಳಿಯಿತು. ಮರುವರ್ಷ ಅವರು ಹೋದರು. ಮನೆಯ ಮುಂದೆ ಭಾವ ಎರಡು ಗುಂಡು ಹಾರಿಸಿ ಊರಿಗೆ ಸಾವಿನ ಸುದ್ದಿ ತಿಳಿಸಿದ್ದು ಅದೇ ಕೋವಿಯಿಂದ. ಮತ್ತೂ ಒಂದು ವರ್ಷ ಕಳೆದ ಮೇಲೆ ಖಾನೆ ತೆರೆದು, ಆ ಹಳದಿಯಾದ ಅರ್ಜಿಯನ್ನು ಬಿಡಿಸಿ ಓದಿದವಳು ನಾನು. ಆಮೇಲೆ ನಾನು ಪಟ್ಟ ಪಾಡನ್ನೂ ಕಲಿತದ್ದನ್ನೂ ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ. ಮೂವತ್ತೊಂದು ವರ್ಷ ಪಾಠ ಮಾಡಿದ ಬಾಯಿ, ಕ್ಷಮಿಸಬೇಕು.

ಮೊದಲು ನಮ್ಮ ಮನೆಯ ಆಸ್ತಿ ಏನೆಂದು ಹೇಳುತ್ತೇನೆ. ಒಂದು, ಯಜಮಾನರ ತಾತ ಸ್ವಾತಂತ್ರ್ಯಕ್ಕೆ ಮೊದಲೇ ಕೊಂಡ, ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದ 12 ಬೋರಿನ ಜೋಡುನಳಿಗೆ ಕೋವಿ. ಅದರ ಹಿಡಿ ಆಕ್ರೋಟಿನ ಮರದ್ದು. ಮೂರು ತಲೆಮಾರಿನವರ ಕೆನ್ನೆ ತಾಗಿ ತಾಗಿ ಒಂದು ಕಡೆ ಬೆಣ್ಣೆಯಂತೆ ನುಣುಪಾಗಿದೆ. ಎರಡು, ಭಾವನ ಹೆಸರಿನಲ್ಲಿರುವ .315 ರೈಫಲ್, ಇಶಾಪುರದ ಸರ್ಕಾರಿ ಕಾರ್ಖಾನೆಯದು. ಮೂರು, ಬೆಂಗಳೂರಿನಲ್ಲಿರುವ ಮಗನ ಒಂಟಿನಳಿಗೆ. ನಾಲ್ಕನೆಯದು ನಮ್ಮ ಕುಲದ ಮೂಲಮನೆಯಾದ ಐನ್‌ಮನೆಯ ಕೇಪಿನ ಕೋವಿ, ನಳಿಗೆಯ ಬಾಯಿಂದ ಮದ್ದು ತುಂಬುವ ಹಳೆಯ ಕಾಲದ್ದು. ಅದರ ಕುದುರೆ (ಕೇಪಿಗೆ ಬಡಿಯುವ ಸುತ್ತಿಗೆ) ಮುರಿದಿದೆ, ನಳಿಗೆ ಬಿರುಕು ಬಿಟ್ಟಿದೆ, ಇನ್ನು ರಿಪೇರಿಯಾಗುವ ಜಾತಿಯದಲ್ಲ. ವರ್ಷಕ್ಕೊಮ್ಮೆ ಕೋವಿಹೂವಾದ ತೋಕ್‌ಪೂ ಮುಡಿಸಿಕೊಂಡು ಕನ್ನಿಕೊಂಬರೆಯಲ್ಲಿ, ಅಂದರೆ ದೇವರ ಕೋಣೆಯಲ್ಲಿ, ಪೂಜೆಗೆ ಕೂರುವುದಷ್ಟೇ ಅದರ ಕೆಲಸ.

ಹೊರಗಿನವರಿಗೆ ಇದೇನೋ ಸಂಗ್ರಹದ ಹುಚ್ಚಿನಂತೆ ಕಾಣಬಹುದು. ಕೊಡವರಿಗೂ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನಿನ ಹಿಡುವಳಿದಾರರಿಗೂ ಬಂದೂಕು ಪರವಾನಗಿಯಿಂದ ವಿನಾಯಿತಿ ಇರುವುದು ಹೊಸದೇನಲ್ಲ. 1861ರಲ್ಲಿ ಮಾರ್ಕ್ ಕಬ್ಬನ್ ಹೊರಡಿಸಿದ ಆದೇಶದಿಂದ ಶುರುವಾಗಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಡಿಯೂ ಮುಂದುವರಿದು ಬಂದದ್ದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯ ಮೇಲೆ 2021ರಲ್ಲಿ ನಮ್ಮ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ವಿನಾಯಿತಿ ಎಂದರೆ ಯಾರೂ ಕೇಳುವವರಿಲ್ಲ ಎಂದಲ್ಲ. ಜಿಲ್ಲಾಡಳಿತದಿಂದ ವಿನಾಯಿತಿ ಪ್ರಮಾಣಪತ್ರ ಪಡೆಯಬೇಕು, ಕೋವಿಯ ವಿವರ ಅದರಲ್ಲಿ ದಾಖಲಾಗಬೇಕು.

ಈ ಪ್ರಮಾಣಪತ್ರವೇ ನನ್ನ ಮೊದಲ ಪೇಚಾಟಕ್ಕೆ ಕಾರಣ. ವಿಮಾ ಕಚೇರಿಯಲ್ಲಿ ಕುಳಿತಿದ್ದ ಹುಡುಗ ಸಭ್ಯ, ಹೊರಜಿಲ್ಲೆಯವನು. ಅರ್ಜಿಯ ಎರಡನೇ ಪುಟದಲ್ಲಿ ಬೆರಳಿಟ್ಟು, "ಲೈಸೆನ್ಸ್ ನಂಬರ್ ಹೇಳಿ ಮೇಡಂ" ಎಂದ. ಇಲ್ಲ ಎಂದೆ. ಕೈಯಲ್ಲಿದ್ದ ಪೆನ್ನು ಮೆಲ್ಲಗೆ ಕೆಳಗಿಟ್ಟ. ನಾಲ್ಕು ಕೋವಿ ಇದೆ, ಲೈಸೆನ್ಸ್ ಒಂದಕ್ಕೂ ಇಲ್ಲ ಎಂದು ನಗುತ್ತಾ ಹೇಳುವ ಅಜ್ಜಿಯನ್ನು ಅವನು ಜನ್ಮದಲ್ಲಿ ನೋಡಿರಲಿಕ್ಕಿಲ್ಲ. ವಿನಾಯಿತಿ ಪತ್ರ ತೋರಿಸಿದೆ. ಅದನ್ನು ಹಾಕಲು ಅರ್ಜಿಯಲ್ಲಿ ಜಾಗವಿಲ್ಲ, ಕಂಪ್ಯೂಟರಿನಲ್ಲಿಯೂ ಇಲ್ಲ. ಆ ಖಾನೆ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. "ಸುಮ್ಮನೆ ಏನಾದರೊಂದು ನಂಬರ್ ಹಾಕಿಬಿಡಲೇ?" ಎಂದು ದನಿ ತಗ್ಗಿಸಿ ಕೇಳಿದ. ಉಪಕಾರ ಮಾಡುವ ಮನಸ್ಸೇ ಇತ್ತು ಪಾಪ. ಆದರೆ ಅಂಥ ಉಪಕಾರವನ್ನು ಯಾರೂ ಸ್ವೀಕರಿಸಬಾರದು. ಅರ್ಜಿಯಲ್ಲಿ ಒಂದು ಸುಳ್ಳು ಸಂಖ್ಯೆ ಇದ್ದರೆ ಕಂತು ಕಟ್ಟುವಷ್ಟು ದಿನವೂ ಅದನ್ನು ಯಾರೂ ನೋಡುವುದಿಲ್ಲ, ಪರಿಹಾರ ಕೇಳಿದ ದಿನ ಎಲ್ಲರೂ ಅದನ್ನೇ ನೋಡುತ್ತಾರೆ. ಮೂರು ಸಲ ಹೋಗಿ ಬಂದ ಮೇಲೆ ಮೇಲಧಿಕಾರಿಯ ಲಿಖಿತ ಒಪ್ಪಿಗೆಯೊಂದಿಗೆ ಪ್ರಮಾಣಪತ್ರದ ಸಂಖ್ಯೆಯನ್ನೇ ಪಾಲಿಸಿಯಲ್ಲಿ ನಮೂದಿಸಿಕೊಂಡರು. ಆ ಒಪ್ಪಿಗೆಯ ಪ್ರತಿಯನ್ನು ಪಾಲಿಸಿಗೆ ಪಿನ್ನು ಹಾಕಿ ಇಟ್ಟಿದ್ದೇನೆ.

ಇಷ್ಟೆಲ್ಲ ಓಡಾಡಲು ನನಗೆ ಹಟ ಹುಟ್ಟಿಸಿದ್ದು ನನ್ನ ತಮ್ಮನ ಮಗನ ಕಥೆ. ಪೊನ್ನಂಪೇಟೆ ಕಡೆಯ ತೋಟದ ಮನೆ. ಕೋವಿಯನ್ನು ಕಬ್ಬಿಣದ ಬೀರುವಿನಲ್ಲಿ ಬೀಗ ಹಾಕಿಯೇ ಇಟ್ಟಿದ್ದ. ಬೀಗದ ಕೈ ಮಾತ್ರ ಕ್ಯಾಲೆಂಡರಿನ ಹಿಂದಿನ ಮೊಳೆಯಲ್ಲಿ. ಕಾಫಿ ಕುಯ್ಲಿನ ಸಮಯ, ಮನೆಯಲ್ಲಿ ಹತ್ತಾರು ಜನರ ಓಡಾಟ. ಯಾರೋ ಕ್ಯಾಲೆಂಡರ್ ಸರಿಸಿ, ಕೈ ತೆಗೆದು, ಬೀರು ತೆರೆದು, ಕೋವಿ ಒಯ್ದು, ಮತ್ತೆ ಬೀಗ ಹಾಕಿ, ಕೈಯನ್ನು ಅದೇ ಮೊಳೆಗೆ ತೂಗುಹಾಕಿ ಹೋಗಿದ್ದರು. ಅಷ್ಟು ಶಿಸ್ತಿನ ಕಳ್ಳ! ಹುಡುಗ ಅಂದೇ ಠಾಣೆಗೆ ಹೋಗಿ ದೂರು ಕೊಟ್ಟ, ಎಫ್‌ಐಆರ್ ಆಯಿತು, ಮಹಜರೂ ಆಯಿತು. ಆರು ವರ್ಷದಿಂದ ಕಂತು ಕಟ್ಟಿದ್ದ ವಿಮಾ ಕಂಪನಿ ಎರಡು ಸಾಲಿನ ಪತ್ರ ಬರೆಯಿತು. ಪಾಲಿಸಿ ಇರುವುದು ಕನ್ನಗಳವಿಗೆ. ಬಾಗಿಲು, ಬೀಗ, ಹೆಂಚು ಯಾವುದನ್ನೂ ಮುರಿದ ಗುರುತಿಲ್ಲ. ಆದ್ದರಿಂದ ಪರಿಹಾರ ಇಲ್ಲ.

ಅವನು ಕೂಗಾಡಿದ. ನಾನೂ ಅವನ ಪರವಾಗಿ ಕೂಗಾಡಿದೆ. ಆಮೇಲೆ ಮಡಿಕೇರಿಯ ಪರಿಚಯದ ವಕೀಲರೊಬ್ಬರು ಕೂರಿಸಿ ತಿಳಿಹೇಳಿದರು. 2004ರಲ್ಲಿ ಸುಪ್ರೀಂ ಕೋರ್ಟ್ ಇಂಥದೇ ವ್ಯಾಜ್ಯದಲ್ಲಿ ಹೇಳಿಬಿಟ್ಟಿದೆಯಂತೆ: ಅಪರಾಧ ಕಾನೂನಿನ ಕಣ್ಣಿಗೆ ಅದು ಕಳ್ಳತನವೇ ಇರಬಹುದು, ಆದರೆ ಪಾಲಿಸಿಯಲ್ಲಿ ಬಲಪ್ರಯೋಗದಿಂದ ಒಳನುಗ್ಗಿದ ಕನ್ನಗಳವು ಎಂದು ಬರೆದಿದ್ದರೆ, ಬಲಪ್ರಯೋಗ ನಡೆದದ್ದನ್ನು ತೋರಿಸಲೇಬೇಕು. ನಾವು ದುಡ್ಡು ಕೊಟ್ಟಿದ್ದು ಆ ಒಂದು ಪದಕ್ಕೆ. ಕಳ್ಳತನ ಬೇರೆ, ಕನ್ನಗಳವು ಬೇರೆ. ಕನ್ನಡ ಪಾಠ ಮಾಡಿದ ನನಗೇ ಈ ಸಮಾನಾರ್ಥಕ ಪದಗಳ ನಡುವೆ ಒಂದು ಕೋವಿಯಷ್ಟು ಅಂತರವಿದೆ ಎಂದು ಗೊತ್ತಿರಲಿಲ್ಲ.

ಕನ್ನಗಳವಿನ ಪಾಲಿಸಿಗೆ ಸ್ವಲ್ಪ ಹೆಚ್ಚು ಕಂತು ಕಟ್ಟಿ ಸಾಮಾನ್ಯ ಕಳ್ಳತನವನ್ನೂ ಸೇರಿಸಿಕೊಳ್ಳುವ ಅವಕಾಶ ಇದೆ. ಏಜೆಂಟರು ತಾವಾಗಿ ಹೇಳುವುದು ಅಪರೂಪ, ನಾವೇ ಕೇಳಬೇಕು. ಸೇರಿಸಿಕೊಂಡ ಮೇಲೂ ಮನೆಯವರು ಅಥವಾ ಮನೆಯ ಕೆಲಸದವರು ಕದ್ದರೆ ಪರಿಹಾರವಿಲ್ಲ ಎಂಬ ಸಾಲು ಬಹಳಷ್ಟು ಪಾಲಿಸಿಗಳಲ್ಲಿ ಇರುತ್ತದೆ. ತೋಟದ ಮನೆಗಳಲ್ಲಿ ಆ ಒಂದು ಸಾಲು ಅರ್ಧ ಪಾಲಿಸಿಯನ್ನು ತಿಂದುಹಾಕುತ್ತದೆ. (ಹುಡುಗನ ಕೋವಿ ನಾಲ್ಕು ತಿಂಗಳ ಮೇಲೆ ತೋಟದಂಚಿನ ಚರಂಡಿಯಲ್ಲಿ ಗೋಣಿಚೀಲ ಸುತ್ತಿದ ಸ್ಥಿತಿಯಲ್ಲಿ ಸಿಕ್ಕಿತು. ಪ್ರಕರಣದ ಮುದ್ದೇಮಾಲಾಗಿ ಪೊಲೀಸರ ವಶದಲ್ಲಿ ಮತ್ತಷ್ಟು ಕಾಲ ಕಳೆದು, ನ್ಯಾಯಾಲಯಕ್ಕೆ ಮುಚ್ಚಳಿಕೆ ಬರೆದುಕೊಟ್ಟು ಬಿಡಿಸಿಕೊಂಡು ಬಂದಾಗ ನಳಿಗೆಯ ಒಳಗೆಲ್ಲ ಸಿಡುಬಿನ ಕಲೆಯಂತೆ ತುಕ್ಕು ತಿಂದಿತ್ತು. ಈಗ ಬೀಗದ ಕೈ ಅವನ ಕೊರಳಿನ ಸರದಲ್ಲಿದೆ.)

ಈಗ ಪಾಲಿಸಿಗಳ ವಿಷಯ. ನಾನು ವಿಮೆಯ ಏಜೆಂಟಳಲ್ಲ, ಓದಿ ಅರ್ಥ ಮಾಡಿಕೊಂಡಷ್ಟನ್ನು ಹೇಳುತ್ತೇನೆ.

ಹಲವರು "ಮನೆಗೆ ವಿಮೆ ಇದೆ, ಮನೆಯೊಳಗಿನ ಕೋವಿ ಅದರಲ್ಲಿ ಸೇರಿಯೇ ಇರುತ್ತದೆ" ಎಂದು ನೆಮ್ಮದಿಯಾಗಿದ್ದಾರೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಒಂದೇ ಮಾದರಿಯಲ್ಲಿ ಕೊಡುತ್ತಿರುವ ಭಾರತ್ ಗೃಹ ರಕ್ಷಾ ಪಾಲಿಸಿಯನ್ನೇ ನೋಡಿ. ಒಳ್ಳೆಯ ಪಾಲಿಸಿ. ಬೆಂಕಿ, ಸಿಡಿಲು, ನೆರೆ, ಬಿರುಗಾಳಿ, ಭೂಕುಸಿತ ಎಲ್ಲವೂ ಸೇರಿವೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಮನೆಯ ಸಾಮಾನುಗಳಿಗೆ ಕಟ್ಟಡದ ವಿಮಾ ಮೊತ್ತದ ಶೇ 20ರಷ್ಟು, ಹೆಚ್ಚೆಂದರೆ 10 ಲಕ್ಷ ರೂಪಾಯಿವರೆಗೆ ತಾನಾಗಿಯೇ ರಕ್ಷಣೆ ಸಿಗುತ್ತದೆ. ಆದರೆ ಕಳ್ಳತನ? ಬೆಂಕಿಯೋ ನೆರೆಯೋ ಬಂದು ಮನೆ ಹಾಳಾದ ನಂತರದ ಏಳು ದಿನಗಳೊಳಗೆ ಕಳವಾದರೆ ಮಾತ್ರ. ಮಾಮೂಲಿ ಮಂಗಳವಾರ ಮಧ್ಯಾಹ್ನ ಬರುವ ಕಳ್ಳನಿಗೆ ಅದು ಅನ್ವಯಿಸುವುದಿಲ್ಲ. ಇನ್ನು ತಾತನ ಕಾಲದ ಕೋವಿಯನ್ನು ಕುರ್ಚಿ ಮೇಜುಗಳ ಸಾಲಿನಲ್ಲಿ ಬಿಟ್ಟರೆ ಅದರ ಬೆಲೆ ಇಷ್ಟೇ ಎಂದು ಸಾಧಿಸುವ ಭಾರ ನಮ್ಮ ತಲೆಯ ಮೇಲೆ. ಒಡವೆ, ಬೆಳ್ಳಿ, ಪುರಾತನ ವಸ್ತುಗಳಿಗೆ ಮೊದಲೇ ಬೆಲೆ ಒಪ್ಪಿಕೊಂಡು ಬರೆಸುವ ಪ್ರತ್ಯೇಕ ಭಾಗವೊಂದು ಆ ಪಾಲಿಸಿಯಲ್ಲಿದೆ. ಐನ್‌ಮನೆಯ ಕೇಪಿನ ಕೋವಿ, ಪೀಚೆಕತ್ತಿ, ಒಡಿಕತ್ತಿಗಳಿಗೆ ಅದೇ ಸರಿಯಾದ ಜಾಗ ಎಂದು ಕಂಡು ಅಲ್ಲಿಗೆ ಸೇರಿಸಿದೆ. ಕಂಪನಿಯವರು ಭಾವಚಿತ್ರ ಮತ್ತು ಮೌಲ್ಯದ ಪತ್ರ ಕೇಳಿದರು, ಕೊಟ್ಟೆ.

ಭೂಕುಸಿತ ಎಂಬ ಪದವನ್ನು ನಾವು ಕೊಡಗಿನವರು ಈಗ ಮೊದಲಿನಂತೆ ಓದಿ ಮುಂದೆ ಹೋಗಲಾರೆವು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು ಕಡೆ ಗುಡ್ಡಗಳು ಜಾರಿದಾಗ ನಮ್ಮ ದೂರದ ಸಂಬಂಧಿಕರ ಮನೆಯೂ ಹೋಯಿತು. ಜೀವಗಳು ಉಳಿದವು. ಮೂರು ವಾರದ ನಂತರ ಮಣ್ಣು ತೆಗೆಯುವಾಗ ಮೊದಲು ಸಿಕ್ಕಿದ್ದು ಮಿಕ್ಸಿಯ ಜಾರು, ಆಮೇಲೆ ಕೋವಿಯ ನಳಿಗೆ. ಹಿಡಿಯ ಮರ ಎಲ್ಲಿ ಹೋಯಿತೋ. ಆ ಮನೆಯ ಹಿರಿಯರು ಆ ನಳಿಗೆಯನ್ನು ಮಗುವಿನಂತೆ ಎತ್ತಿಕೊಂಡು ಹೊಳೆಯಲ್ಲಿ ತೊಳೆದದ್ದನ್ನು ನಾನು ನೋಡಿದ್ದೇನೆ. ಅವರಿಗೆ ಮನೆಯ ವಿಮೆಯೂ ಇರಲಿಲ್ಲ, ಕೋವಿಯದೂ ಇರಲಿಲ್ಲ. ಕೋವಿಯ ಸಂಖ್ಯೆ ಬರೆದ ಪ್ರಮಾಣಪತ್ರವೂ ಬೀರುವಿನ ಜೊತೆಯಲ್ಲೇ ಹೂತುಹೋಗಿತ್ತು. ಅಂದಿನಿಂದ ನಮ್ಮ ಕುಟುಂಬದಲ್ಲಿ ಎಲ್ಲ ಕಾಗದಗಳ ಇನ್ನೊಂದು ಪ್ರತಿ ಬೇರೆ ಊರಿನ ಬೇರೆ ಮನೆಯಲ್ಲಿ ಇರುತ್ತದೆ. ನಮ್ಮದು ಮಗನ ಬೆಂಗಳೂರಿನ ಫ್ಲಾಟಿನಲ್ಲಿ, ಅವನ ಸೂಟ್‌ಕೇಸಿನ ಅಡಿಯಲ್ಲಿದೆ.

ಹಬ್ಬಕ್ಕೆ ಐನ್‌ಮನೆಗೆ ಒಯ್ಯುವ, ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆಗೆ ಒಯ್ಯುವ, ರಿಪೇರಿಗೆ ಮೈಸೂರಿಗೆ ಕಳಿಸುವ ಕೋವಿಗಳಿಗೆ ಮನೆಯ ವಿಳಾಸಕ್ಕೆ ಕಟ್ಟಿಹಾಕಿದ ಪಾಲಿಸಿ ಸಾಲದು. ಇದನ್ನು ನಾನು ಕಲಿತದ್ದು ಯಜಮಾನರು ಹೋದ ಮೇಲೆ. ಹೆಸರಿನಲ್ಲಿದ್ದವರು ತೀರಿಕೊಂಡರೆ ಕೋವಿಯನ್ನು ಠಾಣೆಯಲ್ಲಾದರೂ ಪರವಾನಗಿ ಇರುವ ಕೋವಿ ಅಂಗಡಿಯಲ್ಲಾದರೂ ಒಪ್ಪಿಸಬೇಕು, ವಾರಸುದಾರರ ಹೆಸರಿಗೆ ಬಂದ ಮೇಲೆ ಬಿಡಿಸಿಕೊಳ್ಳಬೇಕು. ನಮ್ಮ ಜೋಡುನಳಿಗೆ ಐದು ತಿಂಗಳು ಅಂಗಡಿಯ ಕಪಾಟಿನಲ್ಲಿತ್ತು. ಬಾಡಿಗೆ ಕೊಟ್ಟೆ. ಅಲ್ಲಿ ಬೆಂಕಿ ಬಿದ್ದಿದ್ದರೆ ಯಾರು ಹೊಣೆ ಎಂದು ಆಗ ನನಗೂ ಹೊಳೆಯಲಿಲ್ಲ, ಅಂಗಡಿಯವರೂ ಹೇಳಲಿಲ್ಲ. ಒಂದೊಂದು ವಸ್ತುವನ್ನೂ ಹೆಸರು ಸಂಖ್ಯೆ ಸಮೇತ ಪಟ್ಟಿ ಮಾಡಿ, ಅದು ಎಲ್ಲಿದ್ದರೂ ರಕ್ಷಣೆ ಕೊಡುವ 'ಆಲ್ ರಿಸ್ಕ್' ಎಂಬ ಪಾಲಿಸಿ ಇದೆ. ನಾನು ಕೊನೆಗೆ ಆರಿಸಿಕೊಂಡದ್ದು ಅದನ್ನು. ಹೆಸರು ಕೇಳಿ ಮೋಸ ಹೋಗಬೇಡಿ, ಅದರಲ್ಲಿ ಎಲ್ಲ ಅಪಾಯಗಳೂ ಇಲ್ಲ. ಸವೆತ ಇಲ್ಲ, ತುಕ್ಕು ಇಲ್ಲ, ಗೆದ್ದಲು ಇಲ್ಲ, ರಿಪೇರಿ ಮಾಡುವಾಗ ಆದ ಹಾನಿ ಇಲ್ಲ, ಸರ್ಕಾರ ಮುಟ್ಟುಗೋಲು ಹಾಕಿಕೊಂಡರೆ ಇಲ್ಲ. ಬೀಗ ಹಾಕದ ಜೀಪಿನಿಂದ ಕಳವಾದರೂ ಇಲ್ಲ. ಇಷ್ಟು 'ಇಲ್ಲ'ಗಳ ನಡುವೆಯೂ ಅದನ್ನೇ ಆರಿಸಿದ್ದು ಏಕೆಂದರೆ, ಬೀರುವಿನಿಂದ ಹೊರಬಂದ ಕೋವಿಗೆ ಬೇರೆ ಆಸರೆ ಇರಲಿಲ್ಲ.

ತುಕ್ಕು ಇಲ್ಲ ಎಂದೆನಲ್ಲ. ಕೊಡಗಿನಲ್ಲಿ ಕೋವಿಯ ನಿಜವಾದ ವೈರಿ ಕಳ್ಳನಲ್ಲ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ಹಿಂದೆ ಒಲೆಯ ಮೇಲಿನ ಅಟ್ಟದ ಹತ್ತಿರ ಇಡುತ್ತಿದ್ದರು, ಹೊಗೆಯ ಕಾವಿಗೆ ಹಿಡಿಯ ಮರವೂ ನಳಿಗೆಯೂ ಒಣಗಿರುತ್ತಿದ್ದವು. ಈಗ ಗ್ಯಾಸಿನ ಒಲೆ, ಮೇಲಾಗಿ ಬೀರುವಿನೊಳಗೆ ಬೀಗ. ಭಾವ ಇಂದಿಗೂ ಮಳೆಗಾಲದಲ್ಲಿ ವಾರಕ್ಕೊಮ್ಮೆ ಎಣ್ಣೆ ಬಟ್ಟೆ ಎಳೆಯುತ್ತಾರೆ, ಬೀರುವಿನ ಮೂಲೆಯಲ್ಲಿ ತೇವ ಹೀರುವ ಹರಳಿನ ಚೀಲ ಇಡುತ್ತಾರೆ. ಆ ಕೆಲಸಕ್ಕೆ ಯಾವ ಕಂಪನಿಯೂ ಪಾಲಿಸಿ ಕೊಡುವುದಿಲ್ಲ.

ಬೆಲೆ ಕಟ್ಟುವ ವಿಷಯ ಬಂದಾಗ ನಮ್ಮವರು ಮಾಡುವ ತಪ್ಪನ್ನು ನಾನೂ ಮಾಡಲು ಹೊರಟಿದ್ದೆ. ಕಂತು ಕಡಿಮೆಯಾಗಲಿ ಎಂದು ಜೋಡುನಳಿಗೆಗೆ 40 ಸಾವಿರ ಎಂದು ಬರೆದಿದ್ದೆ. ಕೋವಿ ಅಂಗಡಿಯವರು ನೋಡಿ ಹಣೆ ಚಚ್ಚಿಕೊಂಡರು. ವಿದೇಶಿ ಕೋವಿಗಳನ್ನು ಜನಸಾಮಾನ್ಯರು ಆಮದು ಮಾಡಿಕೊಳ್ಳುವುದಕ್ಕೆ 1980ರ ದಶಕದಲ್ಲೇ ತಡೆ ಬಿದ್ದಿದೆ. ಹಾಗಾಗಿ ದೇಶದೊಳಗೆ ಉಳಿದಿರುವ ಹಳೆಯ ಇಂಗ್ಲಿಷ್ ಕೋವಿಗಳು ಕೈಯಿಂದ ಕೈಗೆ ದಾಟುವುದಷ್ಟೇ, ಹೊಸತು ಬರುವುದಿಲ್ಲ. ಹಳತಾದಷ್ಟೂ ಬೆಲೆ ಇಳಿಯುವ ಕಾರಿನ ಲೆಕ್ಕ ಇಲ್ಲಿ ನಡೆಯದು. ಅವರು ನಳಿಗೆಗಳನ್ನು ಬೆಳಕಿಗೆ ಹಿಡಿದು ನೋಡಿ, ಕೀಲು ಅಲ್ಲಾಡಿಸಿ, ಕೆತ್ತನೆಯ ಮೇಲೆ ಉಗುರಾಡಿಸಿ, ತಮ್ಮ ಅಂಗಡಿಯ ಕಾಗದದಲ್ಲಿ 1,60,000 ರೂಪಾಯಿ ಎಂದು ಬರೆದು ಮೊಹರು ಒತ್ತಿಕೊಟ್ಟರು. "ಕಡಿಮೆ ಬರೆದರೆ ಏನಾಗುತ್ತದೆ?" ಎಂದು ಕೇಳಿದೆ. ಕಡಿಮೆ ಬೆಲೆಗೆ ವಿಮೆ ಮಾಡಿಸಿದರೆ ಪರಿಹಾರವನ್ನೂ ಅದೇ ಪ್ರಮಾಣದಲ್ಲಿ ಕತ್ತರಿಸುತ್ತಾರೆ. 1,60,000ದ ವಸ್ತುವನ್ನು 40 ಸಾವಿರಕ್ಕೆ ಬರೆಸಿದವರು ತಮ್ಮ ವಸ್ತುವಿನ ಕಾಲು ಭಾಗಕ್ಕೆ ಮಾತ್ರ ವಿಮೆ ಮಾಡಿಸಿದ ಹಾಗೆ. ಮರ ಬಿದ್ದು ಹಿಡಿ ಮುರಿದು 60 ಸಾವಿರ ಖರ್ಚು ಬಂತೆನ್ನಿ, ಕೈಗೆ ಸಿಗುವುದು 15 ಸಾವಿರ. ಅದರಲ್ಲೂ ನಾವೇ ಭರಿಸಬೇಕಾದ ಮೊದಲ ಪಾಲು ಕಳೆಯುತ್ತಾರೆ. ಭಾರತ್ ಗೃಹ ರಕ್ಷಾದಲ್ಲಿ ಈ ಕತ್ತರಿ ಇಲ್ಲ, ಉಳಿದ ಕಡೆ ಇದೆ. ನಿಜವಾದ ಬೆಲೆ ಬರೆಸಿದ ಮೇಲೂ ಮೂರು ಕೋವಿಗಳಿಗೆ ಸೇರಿ ನಾವು ವರ್ಷಕ್ಕೆ ಕಟ್ಟುವ ಕಂತು ಕೈಲ್‌ಪೋಳ್ದ್ ದಿನ ನಮ್ಮ ಮನೆಗೆ ಬರುವ ಹಂದಿಮಾಂಸದ ಬಿಲ್ಲಿಗಿಂತ ಕಡಿಮೆಯೇ ಆಯಿತು. ಬರುವ ನೆಂಟರ ಸಂಖ್ಯೆ ನೋಡಿದವರಿಗೆ ಇದು ದೊಡ್ಡ ಆಶ್ಚರ್ಯವೇನಲ್ಲ.

ಸಂಖ್ಯೆಯ ಕಥೆಯನ್ನು ಹೇಳದೆ ಬಿಡಲಾರೆ. ಪಾಲಿಸಿಗೆ ಕೋವಿಯ ಸಂಖ್ಯೆ ಬೇಕು. ಜೋಡುನಳಿಗೆಯ ನಳಿಗೆ ಬಿಚ್ಚಿದರೆ ಕೆಳಗಿನ ಚಪ್ಪಟೆ ಜಾಗದಲ್ಲಿ ಐದು ಅಂಕಿಗಳಿವೆ. ಎಣ್ಣೆ ಒರೆಸಿ, ಹಳೆಯ ಶಾಲೆಯ ಅಭ್ಯಾಸದಂತೆ ಸೀಮೆಸುಣ್ಣದ ಪುಡಿ ತಿಕ್ಕಿ, ಯಜಮಾನರ ಭೂತಗನ್ನಡಿ ಹಿಡಿದು ಓದಿದೆ. ಮೂರನೆಯ ಅಂಕಿ 8. ಪ್ರಮಾಣಪತ್ರದಲ್ಲಿ 3 ಎಂದಿದೆ. ಅತ್ತೆಯ ಕಾಲದ ಯಾವುದೋ ಗುಮಾಸ್ತರ ಕಣ್ಣಿಗೆ 8ರ ಎಡಗಡೆ ಕಂಡಿಲ್ಲ. ಆ ತಪ್ಪು ಪ್ರಮಾಣಪತ್ರದಿಂದ ಪ್ರಮಾಣಪತ್ರಕ್ಕೆ, ಮಾವನಿಂದ ಯಜಮಾನರಿಗೆ, ಯಜಮಾನರಿಂದ ನನಗೆ ಆಸ್ತಿಯಂತೆ ಬಂದುಬಿಟ್ಟಿತ್ತು. ಅಷ್ಟು ವರ್ಷವೂ ಕಾಗದದ ಪ್ರಕಾರ ನಮ್ಮ ಬಳಿ ಇದ್ದದ್ದು ಇಲ್ಲದ ಕೋವಿ, ಇದ್ದ ಕೋವಿಗೆ ಕಾಗದವೇ ಇರಲಿಲ್ಲ! ಕಳವಾಗಿದ್ದರೆ ಠಾಣೆಯಲ್ಲಿ ಏನೆಂದು ದೂರು ಕೊಡುತ್ತಿದ್ದೆವು? ಅಂಗಡಿಯವರ ಪತ್ರ, ಸಂಖ್ಯೆಯ ಭಾವಚಿತ್ರ ಲಗತ್ತಿಸಿ ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟೆ. ಕೋವಿಯನ್ನು ಹಾಜರುಪಡಿಸಿ, ಪರಿಶೀಲನೆಯಾಗಿ, ತಿದ್ದುಪಡಿ ಆಗಿ ಬರುವ ಹೊತ್ತಿಗೆ ಒಂದು ಕಾಫಿ ಕುಯ್ಲು ಮುಗಿದಿತ್ತು. ಈ ಪತ್ರ ಓದಿದ ಕೋವಿ ಇರುವ ಮನೆಯವರು ಬೇರೇನೂ ಮಾಡದಿದ್ದರೂ ಸರಿ, ಇಂದು ಸಂಜೆ ಒಂದು ಚಿಟಿಕೆ ಸೀಮೆಸುಣ್ಣ ತೆಗೆದುಕೊಂಡು ಇದೊಂದನ್ನು ನೋಡಿಬಿಡಿ.

ಇನ್ನು ಕೋವಿ ಯಾರದು ಎಂಬ ಪ್ರಶ್ನೆ. ನಮ್ಮ ಒಕ್ಕಗಳಲ್ಲಿ (ಒಂದೇ ಮೂಲದ ಕುಟುಂಬಗಳಲ್ಲಿ) ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ, "ಮನೆಯದು" ಎಂದರೆ ಮುಗಿಯಿತು. ವಿಮೆಯವರಿಗೆ ಮುಗಿಯುವುದಿಲ್ಲ. ವಸ್ತು ಹಾಳಾದರೆ ಯಾರಿಗೆ ನಷ್ಟವೋ ಅವರೇ ವಿಮೆ ಮಾಡಿಸಬೇಕು. ನನ್ನ ಹೆಸರಿನ ಪಾಲಿಸಿಯಲ್ಲಿ ಭಾವನ ರೈಫಲ್ ಬರೆಸಿದರೆ, ಕಳೆದ ದಿನ ನಿಮಗೇನು ನಷ್ಟ ಎಂದು ಕೇಳುತ್ತಾರೆ. ಐನ್‌ಮನೆಯಲ್ಲಿ ಹನ್ನೊಂದು ಮನೆಯವರ ಕೋವಿಗಳು ಹಬ್ಬದ ದಿನ ಒಂದೇ ಕೋಣೆಯಲ್ಲಿ ಇರುತ್ತವೆ. ಆ ಕೋಣೆಗೆ ಬೆಂಕಿ ಬಿದ್ದರೆ ಹನ್ನೊಂದು ಪ್ರತ್ಯೇಕ ಲೆಕ್ಕ. ಕೊನೆಗೆ ನಾನು, ಭಾವ, ಮಗ ಮೂವರೂ ಅವರವರ ಹೆಸರಿನಲ್ಲೇ ಮಾಡಿಸಿಕೊಂಡೆವು, ಕೇಪಿನ ಕೋವಿಯನ್ನು ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಹೆಸರಿನಲ್ಲಿ ಐನ್‌ಮನೆಯ ವಿಮೆಗೆ ಸೇರಿಸಿದೆವು. ಐನ್‌ಮನೆಗಳವರು ಇನ್ನೊಂದನ್ನೂ ನೋಡಬೇಕು. ಮನೆಯಲ್ಲಿ ಸತತ 30 ದಿನ ಯಾರೂ ವಾಸವಿಲ್ಲದಿದ್ದರೆ ಕಳ್ಳತನದ ರಕ್ಷಣೆ ನಿಂತುಹೋಗುತ್ತದೆ ಎಂಬ ಷರತ್ತು ಹಲವು ಪಾಲಿಸಿಗಳಲ್ಲಿದೆ. ನಮ್ಮ ಐನ್‌ಮನೆಗಳ ಪೈಕಿ ಎಷ್ಟರಲ್ಲಿ ಈಗ ದಿನವೂ ದೀಪ ಹಚ್ಚುವವರಿದ್ದಾರೆ? ನಮ್ಮ ಒಕ್ಕದಲ್ಲಿ ಈ ಷರತ್ತನ್ನು ಓದಿದ ಮೇಲೆ ತಿಂಗಳಿಗೊಬ್ಬರು ಸರದಿಯಂತೆ ಹೋಗಿ ನಾಲ್ಕು ದಿನ ಇದ್ದು ಬರುವುದೆಂದು ತೀರ್ಮಾನವಾಯಿತು. ಹಿರಿಯರು ಹತ್ತು ವರ್ಷ ಬೇಡಿಕೊಂಡರೂ ಆಗದಿದ್ದದ್ದು ವಿಮೆಯ ಒಂದು ಷರತ್ತಿನಿಂದ ಆಯಿತು.

ತೋಟಾಗಳನ್ನೂ ಮದ್ದುಗುಂಡುಗಳನ್ನೂ ಪಟ್ಟಿಗೆ ಸೇರಿಸಬಹುದೇ ಎಂದು ಮಗ ಕೇಳಿದ. ಸ್ಫೋಟಕ ವಸ್ತುಗಳಿಗೆ ಮನೆಯ ಪಾಲಿಸಿಯಲ್ಲಿ ರಕ್ಷಣೆ ಇಲ್ಲ. ಅದಿರಲಿ, ಅವುಗಳನ್ನು ಕೋವಿಯ ಜೊತೆ ಒಂದೇ ಬೀಗದಡಿ ಇಡಬೇಡ ಎಂದೆ.

ಹುಡುಗರಿಗೆ ಮುಖ್ಯವಾಗಿ ಹೇಳಬೇಕಾದ್ದು ಬೇರೆಯವರಿಗೆ ಆಗುವ ಹಾನಿಯ ಬಗ್ಗೆ. ನಮ್ಮ ಜಿಲ್ಲೆಯಲ್ಲಿ ಹಂದಿ ಎಂದು ತಿಳಿದು ಮನುಷ್ಯನಿಗೆ ಗುಂಡು ಹೊಡೆದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲೇ ಎಷ್ಟು ಸಲ ಓದಿದ್ದೇನೆ. ಮೂರನೆಯವರಿಗೆ ಆದ ಹಾನಿಯ ಹೊಣೆಯನ್ನು ಹೊರುವ ಭಾಗ ಕೆಲವು ಗೃಹ ವಿಮೆಗಳಲ್ಲಿ ಇರುತ್ತದೆ. ಆ ಭಾಗದಲ್ಲಿ ಬಂದೂಕಿನ ಮಾತು ಎಲ್ಲಿ ಬರುತ್ತದೆ, ಸೇರಿಸಿದ್ದಾರೋ ಹೊರಗಿಟ್ಟಿದ್ದಾರೋ ಎಂಬುದನ್ನು ಸಹಿ ಹಾಕುವ ಮೊದಲು ಹುಡುಕಿ ಓದಬೇಕು. ಆದರೆ ಕಾನೂನು ಮುರಿದವನಿಗೆ ಯಾವ ಭಾಗವೂ ನೆರವಿಗೆ ಬಾರದು. ಬೇಟೆಗೆ 1972ರ ವನ್ಯಜೀವಿ ಕಾಯ್ದೆಯಡಿ ನಿಷೇಧವಿದೆ. ಮದುವೆ ಮನೆಯ ಉಮೇದಿನಲ್ಲಿ ಅಕ್ಕಪಕ್ಕದವರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸುವುದು 2019ರ ತಿದ್ದುಪಡಿಯ ನಂತರ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡನ್ನೂ ತರಬಲ್ಲ ಅಪರಾಧ. ಕಳೆದ ಮೇ ತಿಂಗಳಲ್ಲಿ ನಮ್ಮದೇ ನೆಂಟರ ಮದುವೆಯಲ್ಲಿ ಎರಡು ಪೆಗ್ ಏರಿಸಿ ಕೋವಿ ಕೇಳಿದ ಯುವಕನೊಬ್ಬನಿಗೆ ಭಾವ ಕೋವಿ ಕೊಡಲಿಲ್ಲ, ಒಂದು ಲೋಟ ಮಜ್ಜಿಗೆ ಕೊಟ್ಟರು. ಅವನು ಈಗಲೂ ನಮ್ಮ ಜೊತೆ ಮಾತು ಬಿಟ್ಟಿದ್ದಾನೆ.

ನನ್ನ ಕೋರಿಕೆ ದೊಡ್ಡದೇನಲ್ಲ. ವಿಮಾ ಕಂಪನಿಗಳು ಕೋವಿಯ ಅರ್ಜಿಯಲ್ಲಿ ಪರವಾನಗಿ ಸಂಖ್ಯೆಯ ಪಕ್ಕದಲ್ಲೇ 'ಅಥವಾ ವಿನಾಯಿತಿ ಪ್ರಮಾಣಪತ್ರದ ಸಂಖ್ಯೆ' ಎಂಬ ಒಂದು ಸಾಲು ಸೇರಿಸಲಿ. ಯಾವುದಕ್ಕೆ ಪರಿಹಾರ ಇಲ್ಲ ಎಂಬ ಪಟ್ಟಿಯನ್ನಾದರೂ ಕನ್ನಡದಲ್ಲಿ, ಭೂತಗನ್ನಡಿ ಬೇಡದಷ್ಟು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಲಿ. ಕೋವಿ ಸಂಖ್ಯೆಯ ತಪ್ಪುಗಳನ್ನು ತಿದ್ದಲು ಜಿಲ್ಲಾಡಳಿತ ವರ್ಷಕ್ಕೊಮ್ಮೆ ತಾಲ್ಲೂಕು ಮಟ್ಟದಲ್ಲಿ ಎರಡು ದಿನದ ಅದಾಲತ್ ಇಟ್ಟರೆ ನನ್ನಂಥ ಎಷ್ಟೋ ಮನೆಗಳ 3 ಮತ್ತು 8ಗಳು ಸರಿಯಾಗುತ್ತವೆ. ಸೋಮವಾರಪೇಟೆ ಕಡೆ ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಕೋರಿಕೆಯನ್ನೂ ಸೇರಿಸುತ್ತೇನೆ: ಚುನಾವಣೆ ಬಂದಾಗ ಠಾಣೆಯಲ್ಲಿ ಕೋವಿ ಠೇವಣಿ ಇಡುವಾಗ ಕೊಡುವ ರಸೀದಿಯಲ್ಲಿ ಅದರ ಸ್ಥಿತಿಯನ್ನೂ ಎರಡು ಪದಗಳಲ್ಲಿ ಬರೆದುಕೊಡಲಿ. ಒಪ್ಪಿಸಿದಾಗ ಹೇಗಿತ್ತು ಎಂಬ ದಾಖಲೆ ಇಲ್ಲದಿದ್ದರೆ, ವಾಪಸು ಬಂದಾಗ ಹಿಡಿ ಸೀಳಿದ್ದರೆ ಯಾರನ್ನು ಕೇಳುವುದು?

ನಮ್ಮ ತಮ್ಮನ ಮಗನಂತೆ ಪರಿಹಾರ ನಿರಾಕರಣೆಯ ಪತ್ರ ಬಂದವರು ಬರೀ ಕೂಗಾಡಿ ಸುಮ್ಮನಾಗಬಾರದು. ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾದು, ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ವಿಮೆಯ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ. ಅವನು ಹೋಗುವಷ್ಟರಲ್ಲಿ ಅವಧಿ ಮೀರಿ ಎರಡು ತಿಂಗಳಾಗಿತ್ತು.

ಪತ್ರದ ಕೊನೆಗೆ ಹೆಸರು, ವಿಳಾಸ ಇರಲೇಬೇಕೆಂಬ ನಿಮ್ಮ ನಿಯಮ ಗೊತ್ತಿದೆ. ಬೇರೆ ಹಾಳೆಯಲ್ಲಿ ಬರೆದು ಲಗತ್ತಿಸಿದ್ದೇನೆ, ದಯವಿಟ್ಟು ಅಚ್ಚು ಹಾಕಬೇಡಿ. ಯಾವ ಮನೆಯಲ್ಲಿ ಎಷ್ಟು ಕೋವಿ ಇದೆ, ಅದರ ಬೆಲೆ ಎಷ್ಟು ಎಂದು ಇಷ್ಟು ವಿವರವಾಗಿ ಬರೆದು ಕೆಳಗೆ ಊರಿನ ಹೆಸರನ್ನೂ ಹಾಕಿದರೆ ನನ್ನ ವಿಮಾ ಕಂಪನಿಯವರೇ ಮೊದಲು ಆಕ್ಷೇಪಿಸಿಯಾರು.

ಇತಿ,
ನಿವೃತ್ತ ಕನ್ನಡ ಶಿಕ್ಷಕಿ,
ದಕ್ಷಿಣ ಕೊಡಗು